ನನಗೆ ತೋರಿಸದ ಹೊಲಿಗೆ

ಮಾರ್ಚ್ ೧೪, ಗುರುವಾರ

ಆಸ್ಪತ್ರೆಯಲ್ಲಿ ನಮ್ಮ ಯಜಮಾನರ ಪಕ್ಕದ ಹಾಸಿಗೆಯ ಟೈಲರನ್ನು ಕಂಡರೆ ನನಗೆ ಹೊಟ್ಟೆಯುರಿ. ಬರೆದೇ ಬಿಟ್ಟೆ, ಇನ್ನು ಮುಚ್ಚಿಡುವುದೇನು! ಆಪರೇಷನ್ ಆದಾಗಿನಿಂದ ಇವರು ನನ್ನ ಹತ್ತಿರ ಸರಿಯಾಗಿ ಮಾತಾಡಿಲ್ಲ. ಗಾಯ ನೋಡುತ್ತೇನೆಂದರೆ ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಳ್ಳುತ್ತಾರೆ. "ಏನಿಲ್ಲ ಬಿಡೇ, ಮನೆಗೆ ಹೋಗಿ ಮಲಕ್ಕೋ."

ನಿನ್ನೆ ನೋಡಿದರೆ ಅವನಿಗೆ ಅಂಗಿ ಎತ್ತಿ ತೋರಿಸುತ್ತಿದ್ದಾರೆ! "ಡಾಕ್ಟರ್ ಕೈ ಪರವಾಗಿಲ್ಲ ಸಾರ್, ಹೊಲಿಗೆ ನೆಟ್ಟಗಿದೆ" ಅನ್ನುತ್ತಿದ್ದಾನೆ ಅವನು. ಇಬ್ಬರಿಗೂ ನಗು. ನನ್ನನ್ನು ಕಂಡದ್ದೇ ತಡ, ಅಂಗಿ ಇಳಿಯಿತು, ನಗು ನಿಂತಿತು.

ಇವತ್ತು ಅವನು ಮನೆಗೆ ಹೋದ. ಪೀಡೆ ತೊಲಗಿತು ಅಂದುಕೊಂಡೆ. ಇವರು ಮಾತ್ರ ಗೋಡೆ ಕಡೆ ತಿರುಗಿ ಮಲಗಿದವರು ಊಟವನ್ನೂ ಮುಟ್ಟಲಿಲ್ಲ. "ಹೀಗೆ ಮಂಕಾಗಿದ್ರೆ ಚೇತರಿಸ್ಕೊಳ್ಳೋದು ಕಷ್ಟ. ಯಾರಾದ್ರೂ ಬೇಕಾದವರ ಹತ್ರ ಮಾತಾಡಿಸಿ" ಎಂದಳು ನರ್ಸ್. ಬೇಕಾದವರಂತೆ! ಹಾಗಾದರೆ ನಾನು ಯಾರು?

ಕೊನೆಗೆ ನಾನೇ ಟೈಲರ್‌ಗೆ ಫೋನ್ ಮಾಡಿ, ಇವರ ಕೈಗೆ ಕೊಟ್ಟು ಹೊರಗೆ ನಿಂತೆ. "ಕಣ್ಣು ಮುಚ್ಚೋಕೇ ಭಯ ಕಣಪ್ಪ, ಮತ್ತೆ ಏಳ್ತೀನೋ ಇಲ್ವೋ ಅಂತ." ಇವರ ಈ ದನಿ ನಾನು ಕೇಳಿಯೇ ಇರಲಿಲ್ಲ.

ಆಮೇಲೆ ಊಟ ಮಾಡಿದರು. ಅವನು ಹೇಳಿದನಲ್ಲ, ಅದಕ್ಕೆ.

ನನಗೂ ನಿದ್ದೆಯಿಲ್ಲ, ನನಗೂ ಅದೇ ಭಯ. ನಾನು ಯಾರಿಗೆ ಫೋನ್ ಮಾಡಲಿ? ಆ ಟೈಲರ್‌ಗೇ ಮಾಡಲೇ?