ತೀರ್ಥ ಬಿದ್ದ ಕಂಪ್ಯೂಟರ್

ಪ್ರೀತಿಯ ಅಪ್ಪಯ್ಯ,

ನಿಮ್ಮ ಕಂಪ್ಯೂಟರ್ ಏಳುತ್ತಿಲ್ಲ. ಕ್ಷೇಮ ಸಮಾಚಾರವೆಲ್ಲ ಆಮೇಲೆ. ಮೊದಲು ಒಂದು ಮಾತು ಕೇಳಬೇಕು, ಸಿಟ್ಟು ಮಾಡಿಕೊಳ್ಳಬೇಡಿ. ಆಯುಧಪೂಜೆಯ ದಿನ ನೀವು ಯಂತ್ರಗಳಿಗೆ ತೀರ್ಥ ಹಾಕಿದ ಹಾಗೆ ನಟಿಸುತ್ತಿದ್ದಿರಲ್ಲ, ಅದನ್ನು ಅಮ್ಮನಿಗೆ ಯಾಕೆ ಹೇಳಲಿಲ್ಲ? ಮಾವಿನೆಲೆಯನ್ನು ಕಲಶದಲ್ಲಿ ಅದ್ದಿ, ನೀರನ್ನೆಲ್ಲ ನೆಲಕ್ಕೆ ಕೊಡವಿ, ಒಣ ಎಲೆಯನ್ನು ಕಂಪ್ಯೂಟರಿನ ಮೇಲೆ ಆಡಿಸುತ್ತಿದ್ದಿರಿ. ನಾನು ನೋಡಿಬಿಟ್ಟರೆ ಕಣ್ಣು ಮಿಟುಕಿಸುತ್ತಿದ್ದಿರಿ. ಅಮ್ಮ ಬಾಗಿಲ ಬಳಿ ಕೈಮುಗಿದು ಕಣ್ಣು ಮುಚ್ಚಿ ನಿಂತಿರುತ್ತಿದ್ದರು. ಪಾಪ, ಅವರಿಗೆ ಹೇಗೆ ಗೊತ್ತಾಗಬೇಕು?

ಗಂಟಲಿನ ಆಪರೇಷನ್ನಿಗೆ ಮೊದಲಿನ ವಾರ ನೆನಪಾಗುತ್ತಿದೆ. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಕೊಲ್ಕತ್ತಾದ ಕಾಳಿಘಾಟಿನ ಈ ಮನೆಯ ಹಿಂದಿನ ಕೋಣೆಯಲ್ಲಿ, ನಮ್ಮ ಕೇಟರಿಂಗಿನ ಬಿಲ್ಲು ಮಾಡುವ ಆ ಹಳೇ ಡಬ್ಬದ ಮುಂದೆ, ಮೈಕ್ ಸಿಕ್ಕಿಸಿಕೊಂಡು ಚಿಲಕ ಹಾಕಿ ಕೂರುತ್ತಿದ್ದಿರಿ. ಯಾರೂ ಏನೂ ಕೇಳಲಿಲ್ಲ. ಆಪರೇಷನ್ ಮುಗಿಸಿ ಮನೆಗೆ ಬಂದ ಮೇಲೆ ನನ್ನ ಪುಟ್ಟಿಯ ಸ್ಲೇಟಿನಲ್ಲಿ ಬರೆದು ತೋರಿಸಿದಿರಿ: 'ಎಲ್ಲರಿಗೂ ಮಾತಾಡಿ ಇಟ್ಟಿದ್ದೇನೆ. ನಾನು ಹೋದ ಮೇಲೆ ಕೇಳಿ.' ಅಮ್ಮ ಸೆರಗಿನಿಂದ ಅದನ್ನು ಒರಸಿ, "ಹೋಗುವ ಮಾತು ಎಂತಕ್ಕೆ ಈಗ? ಗಂಜಿ ಕುಡೀರಿ" ಎಂದರು.

ಕೆಲವು ವರ್ಷ ಸ್ಲೇಟಿನಲ್ಲೇ ಮಾತಾಡಿ ನೀವು ಹೋದಿರಿ. ನಾನು ಅಂದೇ ಕೇಳಬೇಕೆಂದಿದ್ದೆ. ಅಮ್ಮ ಬಿಡಲಿಲ್ಲ. "ವರ್ಷಾಂತಿಕ ಆಗ್ಲಿ. ಅಲ್ಲಿವರೆಗೆ ಯಾರೂ ಅದನ್ನು ಮುಟ್ಟುದು ಬೇಡ" ಎಂದರು. ಅವರ ಮುಖ ನೋಡಿ ಎದುರು ಮಾತಾಡುವ ಧೈರ್ಯ ಯಾರಿಗಿತ್ತು? ದಿನಾ ಕಂಪ್ಯೂಟರಿನ ಧೂಳು ಒರಸುತ್ತಿದ್ದರು, ಅಷ್ಟೆ. ವರ್ಷಾಂತಿಕ ಕಳೆದು ಬಂದ ಮೊದಲ ಹಬ್ಬವೇ ನವರಾತ್ರಿ. ಆಯುಧಪೂಜೆಯ ಬೆಳಿಗ್ಗೆ ಪೂಜೆ ಮಾಡಿ, ಆಮೇಲೆ ಎಲ್ಲರೂ ಕೂತು ನಿಮ್ಮ ಮಾತು ಕೇಳುವುದು ಎಂದು ನಿಶ್ಚಯವಾಯಿತು. ಪುಟ್ಟಿಗಂತೂ ನಿದ್ದೆಯಿಲ್ಲ. ಅವಳಿಗೆ ನೀವೆಂದರೆ ಸ್ಲೇಟು ಹಿಡಿದ ಅಜ್ಜ. "ಮಮ್ಮಿ, ಅಜ್ಜ ಸಚ್ಚೀ ಮೇ ಮಾತಾಡ್ತಿದ್ರಾ?" ಎಂದು ಕೇಳಿದಳು. ಏನು ಹೇಳಲಿ ನಾನು? ಊರಿಗೆಲ್ಲ ಕೇಳುವಂತೆ ಮಾತಾಡುತ್ತಿದ್ದವರು ನೀವು.

"ಅವರು ಮಾಡ್ತಿದ್ದ ಪೂಜೆ, ನಾನೇ ಮಾಡುದು" ಎಂದು ಅಮ್ಮ ಹಟ ಹಿಡಿದರು. ದೊಡ್ಡ ಗ್ರೈಂಡರಿಗೆ ಕುಂಕುಮ, ತೂಕದ ಯಂತ್ರಕ್ಕೆ ಹೂವು. ನಾನು ಒಳಗೆ ಪುಟ್ಟಿಗೆ ಜಡೆ ಹಾಕುತ್ತಿದ್ದೆ. ನಿಮ್ಮ ಕಂಪ್ಯೂಟರಿಗೆ ಅವತ್ತು ವಿಶೇಷ ಉಪಚಾರ. ದಾಸವಾಳದ ಮಾಲೆ, ಗಂಧ, ಮತ್ತೆ ಕಲಶದಿಂದ ಎಲೆ ತುಂಬ ತುಂಬ ನೀರು. ಮೇಲಿನ ಜಾಲರಿಯಿಂದ ಎಲ್ಲ ಒಳಗಿಳಿಯಿತು. "ಬನ್ನಿ, ಶುರು ಮಾಡ್ತೇನೆ" ಎಂದು ಕರೆದು ಅವರೇ ಸ್ವಿಚ್ ಒತ್ತಿದರು. ಟಪ್ ಎಂದಿತು. ಸುಟ್ಟ ವಾಸನೆ. ಅಮ್ಮ ಮಾತ್ರ ಇನ್ನೂ ನಗುತ್ತಾ ಪರದೆಯನ್ನೇ ನೋಡುತ್ತಿದ್ದರು, ಅಪ್ಪಯ್ಯ.

ದುರ್ಗಾಪೂಜೆಯ ನವಮಿಯ ದಿನ ಕೊಲ್ಕತ್ತಾದಲ್ಲಿ ಕಂಪ್ಯೂಟರ್ ರಿಪೇರಿ. ನಿಮಗೆ ಹೇಳಬೇಕೇ? ನಾನು ಅದನ್ನು ನಿಮ್ಮ ಪಂಚೆಯಲ್ಲಿ ಸುತ್ತಿ ಎತ್ತಿಕೊಂಡು ಹೊರಟೆ. ಒಂದು ಟ್ಯಾಕ್ಸಿಯೂ ಒಳಗೆ ಬರುವಂತಿಲ್ಲ, ರಸ್ತೆಗೆಲ್ಲ ಬಿದಿರು ಕಟ್ಟಿದ್ದಾರೆ. ಊರಿಗೆ ಊರೇ ಹೊಸ ಬಟ್ಟೆ ಹಾಕಿ ಪೆಂಡಾಲ್ ನೋಡಲು ಹೊರಟಿದೆ, ಢಾಕ್ ಡೋಲಿನ ಸದ್ದಿಗೆ ಕಿವಿ ಕೇಳುತ್ತಿಲ್ಲ, ನಾನು ಆ ಜನರ ನಡುವೆ ಹೆಣ ಹೊತ್ತ ಹಾಗೆ ಅದನ್ನು ಹೊತ್ತುಕೊಂಡು... ಗೊತ್ತಿದ್ದ ಅಂಗಡಿಗಳೆಲ್ಲ ಬಂದ್. ಶಟರ್ ಎಳೆಯುತ್ತಿದ್ದ ಒಬ್ಬ ಅಂಗಡಿಯ ದಾದಾ ಸಿಕ್ಕಿದರು. "ಲೊಕ್ಖಿ ಪುಜೋ ಮುಗಿಯಲಿ ದೀದಿ" ಎಂದರು. ಅಂದರೆ ಹುಣ್ಣಿಮೆಯ ಲಕ್ಷ್ಮೀಪೂಜೆಯವರೆಗೆ ಕಾಯಬೇಕು. ಆ ದಾರಿಯಲ್ಲೇ ನಿಂತು ಅತ್ತೆ. ನಾಚಿಕೆಯೇನೂ ಆಗಲಿಲ್ಲ.

ಮನೆಗೆ ಬಂದರೆ ಅಮ್ಮ ಗೋಡೆಗೆ ಮುಖ ಮಾಡಿ ಮಲಗಿದ್ದರು. "ಡಾಕ್ಟರು ಒಮ್ಮೆ ತೆಗೆದ್ರು. ಉಳಿದದ್ದನ್ನು ನಾನು ತೆಗೆದೆ" ಎಂದರು. ಆಮೇಲೆ ಮಾತಿಲ್ಲ, ಊಟ ಇಲ್ಲ. ದೇವರ ದೀಪವನ್ನೂ ಹಚ್ಚಲಿಲ್ಲ. ಕಂಪ್ಯೂಟರ್ ಹಳೆಯದಾಗಿತ್ತು ಎಂದೆ, ಕರೆಂಟಿನದೇ ತಪ್ಪು ಎಂದೆ. ಅವರು ಕೇಳಿಸಿಕೊಳ್ಳುವವರೇ? ನಿಮ್ಮ ಮೇಲೆ ನನಗೆ ಎಷ್ಟು ಸಿಟ್ಟು ಬಂತೆಂದರೆ, ನೀವು ಎದುರಿಗಿದ್ದರೆ ಜಗಳ ಆಡುತ್ತಿದ್ದೆ. ಒಂದು ಮಾತು. ಎಲೆ ಒಣಗಿಸಿಕೋ ಎನ್ನುವ ಒಂದೇ ಒಂದು ಮಾತನ್ನು ಆ ಸ್ಲೇಟಿನಲ್ಲಿ ಬರೆದಿದ್ದರೆ...

ನಿಮ್ಮ ದನಿಯನ್ನು ಬೇರೆ ಕಡೆಯೂ ಹುಡುಕಿದೆ. ಫೋನಿನಲ್ಲಿ ನೀವು ಒಂದು ವಾಯ್ಸ್ ಮೆಸೇಜನ್ನೂ ಕಳಿಸಿದವರಲ್ಲ. ಇಲ್ಲಿರುವ ನಮ್ಮೂರ ಕಡೆಯವರ ಮದುವೆಯ ವಿಡಿಯೋಗಳನ್ನೆಲ್ಲ ತರಿಸಿ ನೋಡಿದೆ. ಎಲ್ಲ ಮದುವೆಗೂ ನೀವು ಇದ್ದಿರಿ, ಆದರೆ ಅಡುಗೆಯವರನ್ನು ಯಾರು ವಿಡಿಯೋ ತೆಗೆಯುತ್ತಾರೆ? ಒಂದರಲ್ಲಿ ಸಾರಿನ ಬಕೆಟ್ ಹಿಡಿದು ನೀವು ಯಾರಿಗೋ ಏನೋ ಹೇಳುವುದು ಕಾಣುತ್ತದೆ. ಬಾಯಿ ಆಡುತ್ತದೆ, ಮಾತಿನ ಮೇಲೆ ನಾದಸ್ವರ ಹಾಕಿದ್ದಾರೆ. ಪುಟ್ಟಿ ಟಿವಿಗೆ ಕಿವಿಯಿಟ್ಟು ಕೇಳಿದಳು.

ಕೊನೆಗೆ ಇಲ್ಲೇ ಕಸ್ಬಾದಲ್ಲಿ, ಹಾಳಾದ ಡಿಸ್ಕಿನಿಂದ ಫೈಲು ತೆಗೆದುಕೊಡುವ ಒಂದು ಆಫೀಸು ಸಿಕ್ಕಿತು. ಅಲ್ಲಿದ್ದವಳು ಮೌಸುಮಿ ಎಂಬ ಬಂಗಾಳಿ ಹುಡುಗಿ. ಡಬ್ಬ ಬಿಚ್ಚಿ ಒಳಗಿಂದ ದಾಸವಾಳದ ಎಸಳು ತೆಗೆದು ನನ್ನ ಮುಖ ನೋಡಿದಳು. ಪೂಜೆ ಎಂದೆ. ನಗಲಿಲ್ಲ, ಪುಣ್ಯಾತ್ಗಿತ್ತಿ. ಡಿಸ್ಕಿನ ಕೆಳಗಿನ ಬೋರ್ಡು ಸುಟ್ಟಿದೆ, ಅದೇ ಮಾದರಿಯ ಇನ್ನೊಂದು ಹಳೇ ಡಿಸ್ಕ್ ಸಿಕ್ಕಿದರೆ ಅದರ ಬೋರ್ಡು ಹಾಕಿ ನೋಡಬಹುದು, ಆದರೆ ಭರವಸೆ ಕೊಡಲಾರೆ ಎಂದು ಹಿಂದಿಯಲ್ಲಿ ಹೇಳಿದಳು. ಚಾಂದನಿ ಮಾರ್ಕೆಟಿನ ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿ ಒಂದನ್ನು ಹುಡುಕಿ ತಂದೆ. ಕಾಳಿಗೂ ಹರಕೆ ಹೊತ್ತೆ, ಉಡುಪಿಯ ಕೃಷ್ಣನಿಗೂ ಹೊತ್ತೆ.

ಮೌಸುಮಿ ಕರೆದ ದಿನ ಓಡಿಹೋದೆ. ಪರದೆಯ ಮೇಲೆ ನೀವು ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿದ ಫೈಲುಗಳ ಹೆಸರುಗಳು ಕಂಡವು. ಮೊದಲು ಅಮ್ಮನ ಹೆಸರು, ಸುಮತಿಗೆ. ವೀಣಾಗೆ. ಪುಟ್ಟಿ ದೊಡ್ಡವಳಾದ ಮೇಲೆ. ನನ್ನ ಹೆಸರಿನ ಮೇಲೆ ಬೆರಳಿಟ್ಟು, ಇದನ್ನು ತೆರೆ ಎಂದೆ. "ದೀದಿ, ಹೆಸರು ಮಾತ್ರ ಉಳಿದಿದೆ. ಒಳಗೆ ಏನೂ ಇಲ್ಲ" ಎಂದಳು ಅವಳು. ಇನ್ನೊಮ್ಮೆ ನೋಡು ಎಂದೆ. ನೋಡಿದಳು. ಇನ್ನೂ ಒಮ್ಮೆ ಎಂದೆ. ನನಗೆ ಏನು ಹೇಳಿಟ್ಟಿದ್ದಿರಿ ಅಪ್ಪಯ್ಯ? ಬೈದಿದ್ದಿರಾ? ಬೈಗುಳವಾದರೂ ಆಗುತ್ತಿತ್ತು.

ತೆರೆದದ್ದು ಒಂದೇ ಫೈಲು. ನೀವು ಬೇಡವೆಂದು ಅಳಿಸಿದ್ದಂತೆ, ಅದಕ್ಕೆ ಹೆಸರೂ ಇಲ್ಲ. ಅದನ್ನು ಫೋನಿಗೆ ಹಾಕಿಸಿಕೊಂಡು ಬಂದೆ, ನಾನು ಮೊದಲು ಕೇಳಲಿಲ್ಲ. ಆ ಡಿಸ್ಕನ್ನು ಎಸೆಯಬೇಡ ಎಂದು ಮೌಸುಮಿಗೆ ಹೇಳಿದ್ದೇನೆ. ಬೇರೆ ಊರಿನಲ್ಲಿ ಆಗುತ್ತದೆ ಎಂದರೆ ಅಲ್ಲಿಗೂ ಹೋಗುತ್ತೇನೆ, ನೀವು ಹೇಳಿದ್ದು ಏನೆಂದು ತಿಳಿಯದೆ ನಾನು ಬಿಡುವವಳಲ್ಲ.

ಮಧ್ಯಾಹ್ನ ಅಮ್ಮನನ್ನು ಎಬ್ಬಿಸಿ ಗೋಡೆಗೆ ಒರಗಿಸಿ ಕೂರಿಸಿದೆ. ಪುಟ್ಟಿ ಅವರ ತೊಡೆಯ ಮೇಲೆ. ಫೈಲು ಹಾಕಿದೆ. ಮೊದಲು ಗ್ರೈಂಡರಿನ ಗರಗರ, ಕುರ್ಚಿ ಎಳೆದ ಸದ್ದು, ನಿಮ್ಮ ಕೆಮ್ಮು. ಆಮೇಲೆ ನೀವು, ಪೂರಾ ಗಂಟಲಿನಲ್ಲಿ, ಮೊದಲಿನ ಹಾಗೆಯೇ:

"ಸುಮತೀ, ಆ ಗ್ರೈಂಡರ್ ಒಮ್ಮೆ ಬಂದ್ ಮಾಡು ಮಾರಾಯ್ತಿ. ನಿನಗೇ ಹೇಳ್ಲಿಕ್ಕುಂಟು ಇಲ್ಲಿ."

ಅಲ್ಲಿಗೆ ಮುಗಿಯಿತು. ಪುಟ್ಟಿ ಅಜ್ಜಿಯ ಮುಖ ನೋಡಿದಳು. ಅಮ್ಮ ಸೆರಗು ಸರಿ ಮಾಡಿಕೊಂಡರು, ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು ಕಿವಿಯ ಹತ್ತಿರ ಹಿಡಿದರು.

"ಬಂದ್ ಮಾಡಿದೆ ಮಾರಾಯ್ರೇ," ಎಂದರು. "ಈಗ ಹೇಳಿ."

ನಿಮ್ಮ ಮಗಳು,
ವೀಣಾ