ಮೂರು ಹೆಸರಿನ ಚೀಟಿ

ಪೋರೂರು, ಚೆನ್ನೈ
೧೧-೦೨-೨೦೨೫, ಮಂಗಳವಾರ

ಪ್ರೀತಿಯ ಗುಣವತಿ ಅಕ್ಕನಿಗೆ ತಮ್ಮ ಐತಪ್ಪನ ನಮಸ್ಕಾರ.

ನಾವಿಲ್ಲಿ ಹುಷಾರು. ನಿನ್ನ ಮಂಡಿನೋವು ಹೇಗುಂಟು? ದೀಪಾವಳಿಯ ನಂತರ ನಿನಗೆ ಒಂದು ಗೆರೆಯೂ ಬರೆಯಲಿಲ್ಲ, ತಪ್ಪಾಯಿತು. ಫೋನಿನಲ್ಲಿ ನಿನಗೆ ಸರಿಯಾಗಿ ಕೇಳಿಸುವುದಿಲ್ಲ, ಗಟ್ಟಿಯಾಗಿ ಹೇಳಿದರೆ ನಮ್ಮ ಮನೆಯ ವಿಷಯ ಮೂರು ಮಹಡಿಗೂ ಗೊತ್ತಾಗುತ್ತದೆ. ಬರೆಯೋಣವೆಂದರೆ ಐದನೆಯ ಕ್ಲಾಸಿಗೇ ಶಾಲೆ ಬಿಟ್ಟ ಕೈ, ಒಂದು ಪುಟ ಮುಗಿಯುವಾಗ ಬೆರಳು ಮರಗಟ್ಟುತ್ತದೆ. ಇದೆಲ್ಲ ನೆಪ ಎಂದು ನಿನಗೆ ತಿಳಿಯದೆ ಇರುವುದಿಲ್ಲ. ಡಿಸೆಂಬರಿನ ಪತ್ರದಲ್ಲಿ ನೀನು ಒಂದೇ ಪ್ರಶ್ನೆ ಕೇಳಿದ್ದೆ: ಹೋಟೆಲಿನ ಅಡುಗೆಮನೆಯ ಹನ್ನೊಂದು ಜನರಲ್ಲಿ ಕೆಲಸದಿಂದ ತೆಗೆಯಲು ನಿನ್ನ ಮಗ ಚರಣನ ಹೆಸರೇ ಯಾಕೆ ಹೋಯಿತು, ಅದನ್ನು ಕೊಟ್ಟವರು ಯಾರು ಎಂದು. ಅದಕ್ಕೆ ಉತ್ತರ ಬರೆಯಲು ಕೂತು ನಾಲ್ಕು ಹಾಳೆ ಹರಿದು ಹಾಕಿದೆ. ಇದು ಐದನೆಯದು.

ಮೊದಲು ಅವನ ಸುದ್ದಿ. ಹೋಟೆಲಿನ ಕೆಲಸ ಹೋದ ಮೇಲೆ ಕ್ರೋಂಪೇಟೆಯಲ್ಲಿ ಮದುವೆ ಅಡುಗೆಯವರ ಜೊತೆ ಎರಡು ತಿಂಗಳು ದುಡಿದ. ಮುಹೂರ್ತ ಇದ್ದ ದಿನ ಕೆಲಸ, ಇಲ್ಲದ ದಿನ ಇಲ್ಲ. ಕಡೆಗೆ ಅವನೂ ಅವನ ಹೆಂಡತಿಯೂ ಊರಿಗೇ ಬರುವುದೆಂದು ನಿಶ್ಚಯ ಮಾಡಿದ್ದಾರೆ. ಶುಕ್ರವಾರ ಸಂಜೆ ಸೆಂಟ್ರಲಿನಿಂದ ಮಂಗಳೂರು ಮೇಲ್ ರೈಲು, ಶನಿವಾರ ನಿನ್ನ ಮನೆಯಲ್ಲಿರುತ್ತಾರೆ. ಫ್ರಿಜ್ಜು ಮಾರಿದ್ದಾನೆ, ಮಗುವಿನ ಸೈಕಲನ್ನು ಪಕ್ಕದ ಮನೆಗೆ ಕೊಟ್ಟಿದ್ದಾನೆ. ಮಗು ಎರಡು ದಿನ ಅತ್ತಿತಂತೆ. ರೈಲಿನಲ್ಲಿ ಕಿಟಕಿಯ ಹತ್ತಿರ ಕೂರಿಸಬೇಡ, ಗಾಳಿಗೆ ಕೆಮ್ಮು ಬರುತ್ತದೆ ಎಂದು ಹತ್ತು ಸಲ ಹೇಳಿದ್ದೇನೆ. ಮೇಲಿನ ಬರ್ತಿನಿಂದ ಬಿದ್ದರೆ ಎಂದು ಈಗ ಹೊಸ ಹೆದರಿಕೆ ಹಿಡಿದಿದೆ.

ನಮ್ಮ ಹೋಟೆಲಿನ ಸದಾನಂದ ರಾಯರು ವಯಸ್ಸಾಯಿತೆಂದು ಹೋಟೆಲನ್ನು ಒಂದು ದೊಡ್ಡ ಕಂಪೆನಿಗೆ ಕೊಟ್ಟು ಎರಡು ವರ್ಷ ಆಯಿತಲ್ಲ. ಆ ಕಂಪೆನಿ ಶೇರು ಪೇಟೆಯಲ್ಲಿ ಇರುವಂಥದ್ದು. ಮೂರು ತಿಂಗಳಿಗೊಮ್ಮೆ ತನ್ನ ಲಾಭನಷ್ಟವನ್ನು ಊರಿಗೆಲ್ಲ ಹೇಳುತ್ತದೆ. ಅಷ್ಟು ದಿನ ನಾಳೆಯ ಹಿಟ್ಟು ಹುಳಿ ಬಂದೀತೋ ಇಲ್ಲವೋ ಎನ್ನುವುದು ಬಿಟ್ಟು ಬೇರೆ ಚಿಂತೆ ಇರದವನು, ಈಗ ಆ ದಿನ ಬಂತೆಂದರೆ ಪರೀಕ್ಷೆ ಬರೆದವನ ಹಾಗೆ ಒದ್ದಾಡುತ್ತೇನೆ. ಲಾಭ ಇಳಿದರೆ ಉಳಿದವರನ್ನೂ ತೆಗೆಯುತ್ತಾರೆ ಎಂಬ ಭಯ. ಕಳೆದ ವಾರವೂ ಹಾಗೇ. ಮಗಳು ದೀಕ್ಷಿತಾ ಆಫೀಸಿನಿಂದ ಬಂದು ಫೋನಿನಲ್ಲಿ ಓದಿ ಹೇಳಿದಳು. ಲಾಭ ನೂರಕ್ಕೆ ಹದಿನೆಂಟು ಜಾಸ್ತಿ ಆಗಿದೆ ಎಂದಳು. ನಾನು ದೇವರ ಮುಂದೆ ದೀಪ ಹಚ್ಚಿದೆ. ಇಷ್ಟು ಲಾಭ ಬರುವುದಿದ್ದರೆ ಚರಣನನ್ನು ಯಾಕೆ ಕಳಿಸಿದರು, ಸ್ವಲ್ಪ ಕಾಯಬಹುದಿತ್ತಲ್ಲ ಎಂದು ಕೇಳಿದೆ.

ಅವಳು ಫೋನು ಕೆಳಗಿಟ್ಟಳು. "ಅಪ್ಪ, ಅವರನ್ನೆಲ್ಲ ತೆಗೆದದ್ದಕ್ಕೇ ಈ ಲಾಭ ಬಂದದ್ದು" ಎಂದಳು.

ನನ್ನ ಹೆಂಡತಿ ಬೇಬಿ ಎದ್ದು ಹೋಗಿ ದೀಪದ ಬತ್ತಿ ತಗ್ಗಿಸಿದಳು.

ಈಗ ದೋಸೆ ಇಡ್ಲಿಯ ಹಿಟ್ಟು ಶ್ರೀಪೆರಂಬದೂರಿನ ಹತ್ತಿರ ಒಂದು ಕಡೆ ಆಗುತ್ತದೆ. ಬೆಳಿಗ್ಗೆ ವ್ಯಾನು ಡಬ್ಬಿಗಳಲ್ಲಿ ತರುತ್ತದೆ. ಮೊದಲು ಚರಣ ರುಬ್ಬಿ, ಉಪ್ಪು ಹಾಕಿ, ಮೊಣಕೈವರೆಗೆ ಕೈ ಇಳಿಸಿ ಕಲಸುತ್ತಿದ್ದ. ಬೇಸಿಗೆಗೆ ಇಷ್ಟು, ಮಳೆಗೆ ಇಷ್ಟು ಎಂದು ಅವನ ಕೈಗೇ ಗೊತ್ತಿತ್ತು. ಡಬ್ಬಿಯ ಹಿಟ್ಟು ಕೆಟ್ಟದೆಂದು ಹೇಳಿದರೆ ಸುಳ್ಳಾಗುತ್ತದೆ. ಹೆಚ್ಚಿನವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ನನ್ನ ತಲೆಗೆ ಟೊಪ್ಪಿ ಕೊಟ್ಟಿದ್ದಾರೆ, ಎಲ್ಲರೂ ಮಾಸ್ಟರ್ ಎಂದೇ ಕರೆಯುತ್ತಾರೆ. ಡಬ್ಬಿಯ ಮುಚ್ಚಳ ತೆಗೆಯುವ ಮಾಸ್ಟರ್.

ನೀನು ಕಳಿಸಿದ ಕಾದಂಬರಿ ಓದುತ್ತಿದ್ದೇನೆ. ಮಧ್ಯಾಹ್ನದ ಬಿಡುವಿನಲ್ಲಿ ಬೆರಳಿಟ್ಟು ಓದಿದರೆ ದಿನಕ್ಕೆ ಮೂರು ಪುಟ. ಅರವತ್ತು ಪುಟ ಆಯಿತು, ಆ ಮನೆಯಲ್ಲಿ ಇನ್ನೂ ಯಾರೂ ಉಂಡದ್ದು ಕಾಣಲಿಲ್ಲ. ಬರೀ ಮಾತು, ಬರೀ ಕೋಪ. ಹೊಟ್ಟೆಗೆ ಬಿದ್ದಿದ್ದರೆ ಅರ್ಧ ಜಗಳ ಇರುತ್ತಿರಲಿಲ್ಲ ಎಂದೆ. ದೀಕ್ಷಿತಾ ನಕ್ಕು, ಆ ಬರೆದವರಿಗೆ ನೀವೇ ಒಂದು ಕಾಗದ ಹಾಕಿ ಎಂದಳು. ಆದರೂ ಬಿಡಲು ಮನಸ್ಸಿಲ್ಲ. ಕಷ್ಟದ ಮಾತನ್ನು ಬರೆದವರು ಹೇಗೆ ಶುರು ಮಾಡುತ್ತಾರೆ ಎಂದು ನೋಡುತ್ತೇನೆ.

ಬೇಬಿಯ ಸಕ್ಕರೆ ಹತೋಟಿಯಲ್ಲಿದೆ, ಕದ್ದು ಹೋಳಿಗೆ ತಿನ್ನದಿದ್ದರೆ. ದೀಕ್ಷಿತಾಳಿಗೆ ಸುರತ್ಕಲ್ ಕಡೆಯ ಒಂದು ಸಂಬಂಧ ಬಂದಿದೆ. ಕೇಳಿದರೆ ತಮಿಳಿನಲ್ಲಿ "ಅಪ್ಪುರಂ ಪಾಕ್ಕಲಾಂ" ಎನ್ನುತ್ತಾಳೆ. ಆಮೇಲೆ ನೋಡೋಣ ಎಂದು ಕನ್ನಡದಲ್ಲಿ ಹೇಳಿದ್ದರೆ ನಾನು ಜಗಳಕ್ಕೆ ಹೋಗುತ್ತಿದ್ದೆ.

ಮೊನ್ನೆ ಭಾನುವಾರ ಚರಣ ಹೆಂಡತಿ ಮಗುವಿನೊಂದಿಗೆ ಊಟಕ್ಕೆ ಬಂದಿದ್ದ. ನೀನು ಮ್ಯಾನೇಜರ್ ದಿನೇಶನಿಗೆ ದಿನಾ ಶಾಪ ಹಾಕುವ ವಿಷಯ ಬಂತು. ಅಮ್ಮನಿಗೆ ನನ್ನ ಮಾತು ಕೇಳಿಸುವುದಿಲ್ಲ, ಆದರೆ ಅವಳ ಬೈಗುಳ ನನಗೆ ಚೆನ್ನಾಗಿ ಕೇಳಿಸುತ್ತದೆ ಎಂದು ನಗಿಸಿದ. ಆಮೇಲೆ ಎಲೆಯ ಮುಂದೆ ತಲೆ ತಗ್ಗಿಸಿ ಹೇಳಿದ: "ನಾನು ಅಮ್ಮನಿಗೆ ಹೇಳಿದ್ದೇನೆ ಮಾವ. ನೀವು ಇದ್ದದ್ದಕ್ಕೆ ಹದಿಮೂರು ವರ್ಷ ನಡೀತು. ಇಲ್ಲದಿದ್ರೆ ನನ್ನನ್ನು ಯಾವಾಗ್ಲೋ ಕಳಿಸ್ತಿದ್ರು."

ನಾನು ಅರ್ಧಕ್ಕೇ ಎಲೆ ಮಡಚಿದೆ. ಖಾರ ಹೆಚ್ಚಾಯಿತು ಎಂದೆ. ಬೇಬಿ, ಪಾಯಸದಲ್ಲಿ ಖಾರ ಎಲ್ಲಿಂದ ಬಂತು ಎಂದು ಕೇಳಿದಳು.

ಮಗು ನೂರು ವರ್ಷ ಬಾಳಲಿ, ಚರಣನ ಕೈಗೆ ಊರಿನಲ್ಲೇ ಒಳ್ಳೆಯ ಕೆಲಸ ಹತ್ತಲಿ. ನಿನ್ನ ಆಶೀರ್ವಾದ ಬೇಡಿ ಮುಗಿಸುವುದು ನನ್ನ ರೂಢಿ. ಈ ಸಲ ಬೇಡುವುದಿಲ್ಲ. ಕೆಳಗಿನದನ್ನು ಓದಿದ ಮೇಲೆ ಮನಸ್ಸು ಬಂದರೆ ಮಾಡು.

ನಿನ್ನ ತಮ್ಮ
ಐತಪ್ಪ

ಮತ್ತೆ: ಅಕ್ಕ, ಆ ಹೆಸರು ಕೊಟ್ಟವನು ನಾನು.

ಅಕ್ಟೋಬರಿನಲ್ಲಿ ದಿನೇಶ ನನ್ನನ್ನು ಕರೆದು ಬಿಳಿ ಹಾಳೆ ಕೊಟ್ಟ. ಅಡುಗೆಮನೆಯಲ್ಲಿ ಮೂವರು ಕಡಿಮೆ ಆಗಬೇಕು ಮಾಸ್ಟರ್, ಹೆಸರು ನೀವೇ ಬರೆದುಕೊಡಿ ಎಂದ. ರಾಯರ ಕಾಲದಲ್ಲಿ ಹೀಗೆ ಎರಡು ಸಲ ಆಗಿತ್ತು, ನೆರೆ ಬಂದ ವರ್ಷ ಮತ್ತು ಕೊರೊನದ ವರ್ಷ. ಎರಡು ಸಲವೂ ನಾನು ಚರಣನ ಹೆಸರನ್ನೇ ಮೊದಲು ಬರೆದೆ. ನಮ್ಮ ಹೋಟೆಲುಗಳಲ್ಲಿ ಮಾಸ್ಟರ್ ಆದವನು ಕಳಿಸುವವರ ಚೀಟಿಯಲ್ಲಿ ತನ್ನವರನ್ನೇ ಮುಂದೆ ಇಡಬೇಕು, ಬೇರೆಯವರ ಮಕ್ಕಳನ್ನು ಹೇಗೆ ಇಡುವುದು? ರಾಯರು ಓದಿ, "ಅಕ್ಕನ ಮಗನನ್ನು ಕಳಿಸಿ ನೀನು ಊರಿಗೆ ಯಾವ ಮುಖದಲ್ಲಿ ಹೋಗ್ತಿ ಮಾರಾಯ? ಇರ್ಲಿ ಎಲ್ಲರೂ" ಎಂದು ಚೀಟಿ ಹರಿದು ಹಾಕುತ್ತಿದ್ದರು. ಎರಡು ಸಲವೂ ಯಾರೂ ಹೋಗಲಿಲ್ಲ.

ಈ ಸಲವೂ ಹಾಗೇ ಬರೆದೆ. ಹರಿಯುತ್ತಾನೆ ಎಂದು ನಿಂತು ಕಾದೆ. ದಿನೇಶನಿಗೆ ಚರಣ ನನಗೆ ಏನಾಗಬೇಕೆಂದೇ ಗೊತ್ತಿರಲಿಲ್ಲ. ಫೋನಿನಲ್ಲಿ ಚೀಟಿಯ ಫೋಟೋ ತೆಗೆದು, ಎಲ್ಲಿಗೋ ಕಳಿಸಿ, ಥ್ಯಾಂಕ್ಸ್ ಮಾಸ್ಟರ್ ಎಂದ. ಚರಣ ನನ್ನ ಅಕ್ಕನ ಮಗ ಎಂದು ಆಗಲೇ ಹೇಳಬಹುದಿತ್ತು. ನನ್ನ ಬಾಯಿಂದ ಹೇಳಿದರೆ ಶಿಫಾರಸು ಆಗುತ್ತದೆ ಎಂದು ನಾಚಿಕೆಯಾಯಿತು. ನಾಳೆ ಹೇಳೋಣವೆಂದುಕೊಂಡೆ. ನಾಲ್ಕನೆಯ ದಿನ ಧೈರ್ಯ ಮಾಡಿ ಹೋದೆ. ಅಷ್ಟರಲ್ಲಿ ಮುಂಬಯಿಯ ಕಂಪೆನಿ ಆಫೀಸಿನಿಂದ ಆರ್ಡರು ಬಂದಾಗಿತ್ತು. ದಿನೇಶನಿಗೆ ಶಾಪ ಹಾಕಬೇಡ. ಅವನು ನಾನು ಬರೆದದ್ದನ್ನು ಓದಿದ, ಅಷ್ಟೆ.

ಚರಣನಿಗೆ ಇದು ಗೊತ್ತಿಲ್ಲ. ಎದುರಿಗೆ ಹೇಳಲು ನಾಲ್ಕು ತಿಂಗಳಿಂದ ನನ್ನ ಬಾಯಿ ಬರಲಿಲ್ಲ. ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ. ಶುಕ್ರವಾರ ರೈಲು ಹತ್ತಿಸುವಾಗ ಅವನ ಕೈಯಲ್ಲೇ ಕೊಡುತ್ತೇನೆ, ಕವರು ಅಂಟಿಸದೆ, ನೀನೂ ಓದು ಎಂದು ಹೇಳಿ. ಮಂಗಳೂರು ತಲುಪಲು ಒಂದು ಇಡೀ ರಾತ್ರಿ ಬೇಕು. ಇದು ನಿನ್ನ ಕೈಗೆ ಬಂದಿದ್ದರೆ, ಅವನು ಓದಿ, ಆಮೇಲೂ ತಂದು ಕೊಟ್ಟಿದ್ದಾನೆ ಎಂದು ತಿಳಿದುಕೋ.