ಗಂಟೆಗೆ ನಲವತ್ತು ಮಿಲಿಮೀಟರ್

ಮನೆಯಿಂದ,
ಆಗಸ್ಟ್ ೧೪, ಶುಕ್ರವಾರ ಸಂಜೆ

ಪ್ರೀತಿಯ ಅಪ್ಪಾ,

ಮಂಡಿ ನೋವು ಹೇಗಿದೆ? ಆಪರೇಷನ್ ಆದ ಕಾಲನ್ನು ಮಡಚಿಸಲು ಫಿಸಿಯೋಥೆರಪಿಯವರು ಬಂದರೆ ನಿದ್ದೆ ಬಂದವರಂತೆ ನಟಿಸುತ್ತೀರಂತೆ. ಅಕ್ಕ ಫೋನಿನಲ್ಲಿ ಚಾಡಿ ಹೇಳಿದಳು. ಅವಳ ಮನೆಯಲ್ಲಾದರೂ ಹೇಳಿದ ಮಾತು ಕೇಳಿ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ, ನನ್ನ ತಲೆಯೊಂದು ಬಿಟ್ಟು.

ನೀವು ಮೂವತ್ತೈದು ವರ್ಷ ಎಂಜಿನಿಯರ್ ಆಗಿ ಕೂತಿದ್ದ ಕಟ್ಟಡ ಪರವಾನಗಿ ವಿಭಾಗದಲ್ಲೇ ಕೂತು ನಾನೂ ತಲೆ ಚಚ್ಚಿಕೊಳ್ಳುತ್ತಿದ್ದೇನೆ. ಮಳೆನೀರಿನ ನಿಯಮ ತಿದ್ದುವ ಸಮಿತಿಗೆ ನಾನೇ ಕಾರ್ಯದರ್ಶಿ. ಮೊದಲ ಸಭೆ ‘ಭಾರಿ ಮಳೆ’ ಅನ್ನಬೇಕೋ ‘ಅತಿ ಭಾರಿ ಮಳೆ’ ಅನ್ನಬೇಕೋ ಎಂಬಲ್ಲೇ ಮುಗಿಯಿತು. ಎರಡನೆಯದಕ್ಕೆ ಅಧ್ಯಕ್ಷರು ಕನ್ನಡಕ ಮರೆತು ಬಂದರು. ಮೂರನೆಯದು ಮುಂದಕ್ಕೆ ಹೋಯಿತು, ಯಾಕೆ ಹೇಳಿ? ಸಭೆಯ ಕೋಣೆಗೇ ಮಳೆನೀರು ನುಗ್ಗಿತ್ತು! ನಗಬೇಡಿ, ಕುರ್ಚಿಗಳನ್ನು ಎತ್ತಿಟ್ಟವಳು ನಾನು.

ನಿಮ್ಮ ಕಾಲದ ನಿಯಮದಲ್ಲಿ ಕೊಳವೆ, ಚರಂಡಿಗಳ ಅಳತೆಯೆಲ್ಲ ಗಂಟೆಗೆ ನಲವತ್ತು ಮಿಲಿಮೀಟರ್ ಮಳೆಗೆ. ಹೋದ ತಿಂಗಳು ಒಂದೇ ಗಂಟೆಯಲ್ಲಿ ಎಂಬತ್ತೆರಡು ಸುರಿಯಿತು. ಈ ಅಂಕಿ ಮುಂದಿಟ್ಟಾಗಲೆಲ್ಲ ಎಮ್ಮೆ ಮೇಲೆ ಮಳೆ ಸುರಿದ ಹಾಗೆ. ಬಿಲ್ಡರ್‌ಗಳ ಸಂಘದ ಮುಖಂಡರಿಗೆ ನಾವು ‘ನೋಡೋಣ’ ಎಂದೇ ಹೆಸರಿಟ್ಟಿದ್ದೇವೆ. ನೆಲಮಾಳಿಗೆಯಲ್ಲಿ ಸ್ವಿಚ್ ಬೋರ್ಡ್ ಇಡಬಾರದು ಎಂದರೆ, ನೋಡೋಣ. ಛಾವಣಿಯ ನೀರು ಹಿಡಿದಿಡಲು ಪ್ರತಿ ಸೈಟಿನಲ್ಲೂ ತೊಟ್ಟಿ ಬೇಕು ಎಂದರೆ, ನೋಡೋಣ. ಐದನೇ ಸಭೆಯಲ್ಲಿ ಬ್ರಹ್ಮಾಸ್ತ್ರವನ್ನೇ ತೆಗೆದರು: “ಹಳೇ ನಿಯಮ ಬರೆದೋರು ನಿಮ್ಮಪ್ಪಾನೇ ಅಲ್ವೇನಮ್ಮಾ? ಅವರಿಗಿಂತ ನಿಮಗೆ ಜಾಸ್ತಿ ಗೊತ್ತಾ?” ಅವತ್ತು ಮನೆಗೆ ಬಂದು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ.

ಇವತ್ತಿನ ಆರನೇ ಸಭೆಗೆ ಔಷಧಿ ಅಂಗಡಿಯಾಕೆಯನ್ನು ಕರೆಸಿದ್ದೆ. ನಿಮಗೆ ಬಿ.ಪಿ. ಮಾತ್ರೆ ಕೊಡುವಾಗ ಗದರುತ್ತಿದ್ದರಲ್ಲ, ಅವರೇ. ಅವರ ಅಂಗಡಿ ನೆಲಮಾಳಿಗೆಯಲ್ಲಿರುವುದು ಗೊತ್ತಲ್ಲ. ಅವತ್ತಿನ ಮಳೆಯಲ್ಲಿ ಮೆಟ್ಟಿಲಿನಿಂದ ಇಳಿದ ನೀರಿನ ಭಾರಕ್ಕೆ ಬಾಗಿಲು ತೆರೆಯಲಾಗದೆ ಎರಡು ಗಂಟೆ ಕಪಾಟಿನ ಮೇಲೆ ಕೂತಿದ್ದರಂತೆ, ಎದುರಿಗೆ ಕರೆಂಟು ಹರಿಯುತ್ತಿದ್ದ ಬೋರ್ಡನ್ನೇ ನೋಡುತ್ತಾ. ಸಭೆಯಲ್ಲಿ ಎದ್ದು ನಿಂತು ಗೇಣು ಬಿಡಿಸಿ ತೋರಿಸಿದರು: “ಬೋರ್ಡಿಗೂ ನೀರಿಗೂ ಇಷ್ಟೇ ಉಳಿದಿತ್ತು ಸ್ವಾಮಿ. ನೀವು ನೋಡೋಣ ಅಂದ್ರೆ ನೀರು ಕಾಯುತ್ತಾ?”

ಒಂದೇ ಮತದಿಂದ ಗೆದ್ದೆವು. ಹೊಸ ಕಟ್ಟಡಗಳಿಗೆಲ್ಲ ಗಂಟೆಗೆ ತೊಂಬತ್ತು. ಹಳೆಯ ಕಟ್ಟಡಗಳು ಆರು ತಿಂಗಳೊಳಗೆ ಬೋರ್ಡನ್ನು ನೆಲಮಾಳಿಗೆಯಿಂದ ಮೇಲಕ್ಕೆ ತರಬೇಕು. ಬೀದಿಯ ಹಳೇ ಚರಂಡಿಗಳ ಮಾತು ಮಾತ್ರ ಮುಂದಿನ ವರ್ಷಕ್ಕೆ ಹೋಯಿತು. ಅದಕ್ಕೆ ಇನ್ನೆಷ್ಟು ಸಭೆಗಳೋ, ನೆನೆದರೇ ಸುಸ್ತು.

ಅಕ್ಕನಿಗೆ ನನ್ನ ನೆನಪು ತಿಳಿಸಿ. ವ್ಯಾಯಾಮ ತಪ್ಪಿಸಬೇಡಿ.

ನಿಮ್ಮ ಮೊಂಡು ಮಗಳು

ಮರೆತಿದ್ದು: ಮರೆತಿರಲಿಲ್ಲ ಅಪ್ಪಾ, ಬರೆಯಲು ಕೈ ಬರಲಿಲ್ಲ. ಇಲ್ಲಿಗೆ ಬಂದಿದ್ದ ಭಾವ ರಾತ್ರಿ ಬಸ್ಸಿಗೆ ಹೊರಟು ನಿಂತಿದ್ದಾರೆ, ಅವರ ಕೈಯಲ್ಲೇ ಕಳಿಸುತ್ತಿದ್ದೇನೆ. ಮತಕ್ಕೆ ಮೊದಲು ‘ನೋಡೋಣ’ ಮತ್ತೆ ನಿಮ್ಮ ಹೆಸರೆತ್ತಿದರು. ತಡೆಯಲಾಗಲಿಲ್ಲ. “ನಮ್ಮಪ್ಪ ಬರೆದದ್ದು ಈಗ ತಪ್ಪು” ಅಂದುಬಿಟ್ಟೆ. ಗುಮಾಸ್ತರು ಸಭೆಯ ನಡಾವಳಿಯಲ್ಲಿ ‘ಈಗ’ ಬಿಟ್ಟು ಬರೆದುಕೊಂಡಿದ್ದಾರೆ. ತಿದ್ದಬೇಕಾದರೆ ಮುಂದಿನ ಸಭೆಯಲ್ಲಿ ಠರಾವೇ ಆಗಬೇಕಂತೆ! ವರದಿಗಾರರಿಗೂ ಅದನ್ನೇ ಕೊಟ್ಟಿದ್ದಾರೆ, ಬೆಳಿಗ್ಗೆ ಪತ್ರಿಕೆಯಲ್ಲೂ ಹಾಗೇ ಬರುತ್ತದೆ. ಅದನ್ನು ಓದುವ ಮೊದಲು ಇದನ್ನು ಓದಿ. ನಾನು ‘ಈಗ’ ಅಂದಿದ್ದೆ ಅಪ್ಪಾ. ಜೋರಾಗಿಯೇ ಅಂದಿದ್ದೆ.